ಚೀನಿ ಭಾಷೆಯಲ್ಲಿ ಸರಾಗವಾಗಿ ಮಾತಾಡಲು ಎಷ್ಟು ಪದ ಗೊತ್ತಿರಬೇಕು?

ದಿನನಿತ್ಯದ ಮಾತುಕತೆಗೆ ಸುಮಾರು 1,200 ಪದ ಸಾಕು. ಯಾವ ವಿಷಯ ಬಂದರೂ ಹೆಚ್ಚು ತಡವರಿಸದೆ ಮಾತಾಡಬೇಕೆಂದರೆ 2,500ರಿಂದ 3,000 ಬೇಕು. ಚೀನಿ ಭಾಷಾ ಪರೀಕ್ಷೆಯಾದ ಎಚ್‌ಎಸ್‌ಕೆಯ 2010ರ ಪಟ್ಟಿಯಲ್ಲೂ 4ನೇ ಹಂತಕ್ಕೆ 1,200, 5ನೇ ಹಂತಕ್ಕೆ 2,500 ಪದಗಳಿದ್ದವು.

ಇಷ್ಟರಲ್ಲೇ ಕೆಲಸ ನಡೆಯಲು ಕಾರಣವಿದೆ. ಚೀನಿಯ ಬಹುಪಾಲು ಪದಗಳು ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿ ಮಾಡಿದಂಥವು. ‘ದ್ಯೆನ್’ ಎಂದರೆ ವಿದ್ಯುತ್. ಅದಕ್ಕೆ ಮಾತು ಎಂಬರ್ಥದ ‘ಹ್ವಾ’ ಸೇರಿದರೆ ಫೋನ್, ಮಿದುಳು ಎಂಬರ್ಥದ ‘ನಾವ್’ ಸೇರಿದರೆ ಕಂಪ್ಯೂಟರ್, ನೆರಳು ಎಂಬರ್ಥದ ‘ಯಿಂಗ್’ ಸೇರಿದರೆ ಸಿನಿಮಾ. ಮೊದಲ ಸಾವಿರ ಪದ ನಿಜಕ್ಕೂ ಕಷ್ಟ. ಆಮೇಲೆ ಎಷ್ಟೋ ಹೊಸ ಪದಗಳ ಅರ್ಧ ಭಾಗ ಮೊದಲೇ ಗೊತ್ತಿರುತ್ತದೆ.

ಕಲಿಯುವವರು ಎಡವುವುದು ಹೆಚ್ಚಾಗಿ ಸ್ವರದ ಏರಿಳಿತದಲ್ಲಿ. ‘ಮೈ’ ಎಂಬುದನ್ನು ತಗ್ಗಿಸಿ ಏರಿಸಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವುದು! ಏರಿಳಿತ ಬಿಟ್ಟು ಬಾಯಿಪಾಠ ಮಾಡಿದ ಪದ ಓದುವಾಗ ನೆರವಾದೀತು, ಮಾತಾಡುವಾಗ ಕೈಕೊಡುತ್ತದೆ. ದಿನಕ್ಕೆ 10 ಪದ ಸಾಕು. ಪ್ರತಿಯೊಂದನ್ನೂ ಕಿವಿಯಿಂದ ಕೇಳಿ, ಒಂದು ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಹೇಳಿ. ವಸ್ತುವಿನ ಹೆಸರಿನ ಜೊತೆಗೇ ಅದನ್ನು ಎಣಿಸುವ ಪದವನ್ನೂ ಕಲಿಯಿರಿ: ಪುಸ್ತಕಕ್ಕೆ ‘ಬೆನ್’, ಕಾಗದದ ಹಾಳೆಗೆ ‘ಜಾಂಗ್’.