ಹೊರಡುವ ಮುನ್ನ ಒಂದು ಹಾಳೆ

ನಮಸ್ಕಾರ.

ಹೊರದೇಶದ ಕೆಲಸದ ಆಹ್ವಾನಪತ್ರ ಕೈಗೆ ಬಂದು ಹದಿನೈದು ದಿನವಾಯಿತು, ಪತ್ನಿ ಶಿಕ್ಷಕಿ, ಮಗಳಿಗೆ ನಾಲ್ಕು ವರ್ಷ, ತಂದೆತಾಯಿ ಅರವತ್ತು ದಾಟಿದ್ದಾರೆ ಎಂದು ತಿಳಿಸಿ, ಐದು ವರ್ಷ ದುಡಿದು ಮರಳುವ ಲೆಕ್ಕದಲ್ಲಿ ಹೋಗಬಹುದೇ ಅಥವಾ ಇದ್ದಲ್ಲೇ ಇರುವುದು ಲೇಸೇ ಎಂದು ಕೇಳಿದ್ದೀರಿ. ಇಪ್ಪತ್ತಮೂರು ವರ್ಷಗಳ ಹಿಂದೆ ನಾನೂ ಅದೇ ಐದು ವರ್ಷದ ಲೆಕ್ಕ ಹಾಕಿಕೊಂಡು ಕೆನಡಾಕ್ಕೆ ಬಂದವನು. ಆದ್ದರಿಂದ ಈ ಪ್ರಶ್ನೆಗೆ ಉತ್ತರಿಸಲು ನನಗೆ ಅರ್ಹತೆ ಎಷ್ಟಿದೆಯೋ ಸಂಕೋಚವೂ ಅಷ್ಟೇ ಇದೆ.

‘ಐದು ವರ್ಷ’ ಎಂಬುದನ್ನು ಹೊರಡುವವರು ಬಹುಮಟ್ಟಿಗೆ ಮನೆಯವರ ಸಮಾಧಾನಕ್ಕಾಗಿ, ಸ್ವಲ್ಪಮಟ್ಟಿಗೆ ತಮ್ಮದೇ ಸಮಾಧಾನಕ್ಕಾಗಿ ಹೇಳಿಕೊಳ್ಳುತ್ತಾರೆ. ಮೊದಲ ವರ್ಷ ಮನೆ ಹುಡುಕುವುದರಲ್ಲಿ, ಎರಡನೆಯದು ಸಾಲ ತೀರಿಸುವುದರಲ್ಲಿ ಕಳೆಯುತ್ತದೆ. ಆ ಬಳಿಕ ಕಾಯಂ ನಿವಾಸದ ಅರ್ಜಿ ಅರ್ಧದಲ್ಲಿದೆ, ಈಗ ಹೊರಟರೆ ಎಲ್ಲ ನೀರಿನಲ್ಲಿ ಹೋಮವಾಗುತ್ತದೆ ಎನ್ನಿಸುತ್ತದೆ. ಅದು ಕೈಗೆ ಬರುವಷ್ಟರಲ್ಲಿ ಮಗು ಶಾಲೆಯಲ್ಲಿ ಬೇರು ಬಿಟ್ಟಿರುತ್ತದೆ. ಇಲ್ಲೇ ಇದ್ದುಬಿಡೋಣ ಎಂದು ನಾವು ಯಾವ ದಿನವೂ ಕುಳಿತು ತೀರ್ಮಾನಿಸಲಿಲ್ಲ. ನಾನು ತುಂಬುತ್ತಿದ್ದ ಅರ್ಜಿಗಳಲ್ಲಿ ‘ಕಾಯಂ ವಿಳಾಸ’ ಎಂಬ ಜಾಗದಲ್ಲಿ ಹನ್ನೊಂದು ವರ್ಷ ತಂದೆಯ ಮನೆಯ ವಿಳಾಸವನ್ನೇ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿ, ಹಿಂದೆ ಸಾಲು ಬೆಳೆದಿದ್ದುದರಿಂದ ಅವಸರವಾಗಿ, ಎರಡೂ ಜಾಗಗಳಲ್ಲಿ ಇಲ್ಲಿನ ವಿಳಾಸವನ್ನೇ ಬರೆದು ಕೊಟ್ಟೆ. ಅದು ಗಮನಕ್ಕೆ ಬಂದದ್ದು ಮನೆಗೆ ಬಂದು ನಕಲು ಪ್ರತಿಯನ್ನು ಫೈಲಿಗೆ ಸೇರಿಸುವಾಗ.

ಹಾಗಾಗಿ ಸಂಬಳಕ್ಕಿಂತ ಮೊದಲು ನೀವು ನೋಡಬೇಕಾದದ್ದು ಯಾವ ಕಾಗದದ ಮೇಲೆ ಹೋಗುತ್ತಿದ್ದೀರಿ ಎಂಬುದನ್ನು. ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ ವೀಸಾಕ್ಕೂ ಎಲ್ಲಿ ಬೇಕಾದರೂ ದುಡಿಯಬಹುದಾದ ನಿವಾಸದ ಹಕ್ಕಿಗೂ ಇರುವ ಅಂತರ ಕೆಲಸ ಹೋದ ದಿನ ತಿಳಿಯುತ್ತದೆ: ಅಮೆರಿಕದಲ್ಲಿ ಎಚ್-1ಬಿ ವೀಸಾದವರಿಗೆ ಕೆಲಸ ಕಳೆದುಕೊಂಡ ಮೇಲೆ ಸಿಗುವ ಅವಕಾಶ ಹೆಚ್ಚೆಂದರೆ 60 ದಿನ, ಅಷ್ಟರೊಳಗೆ ಇನ್ನೊಬ್ಬ ಮಾಲೀಕ ಸಿಗದಿದ್ದರೆ ಅಥವಾ ವೀಸಾದ ಬಗೆ ಬದಲಾಗದಿದ್ದರೆ ಗಂಟುಮೂಟೆ ಕಟ್ಟಬೇಕು. ಕಾಯಂ ಎಂಬ ಹೆಸರಿನ ನಿವಾಸವೂ ನಿಜಕ್ಕೂ ಕಾಯಂ ಅಲ್ಲ. ಕೆನಡಾದಲ್ಲಿ ಅದನ್ನು ಉಳಿಸಿಕೊಳ್ಳಲು ಐದು ವರ್ಷಗಳಲ್ಲಿ 730 ದಿನ ದೇಶದೊಳಗಿರಬೇಕು, ಪೌರತ್ವ ಬೇಕಾದರೆ ಅರ್ಜಿಯ ಹಿಂದಿನ ಐದು ವರ್ಷಗಳಲ್ಲಿ 1,095 ದಿನ. ಬ್ರಿಟನ್ನಿನಲ್ಲಿ ಅನಿರ್ದಿಷ್ಟ ಕಾಲದ ನಿವಾಸದ ಅನುಮತಿ ಪಡೆದವರು ಎರಡು ವರ್ಷಕ್ಕಿಂತ ಹೆಚ್ಚು ಸತತವಾಗಿ ಹೊರಗಿದ್ದರೆ ಸಾಮಾನ್ಯವಾಗಿ ಆ ಅನುಮತಿ ಬಿದ್ದುಹೋಗುತ್ತದೆ. ಅಮೆರಿಕದ ಪಿಂಚಣಿಗೆ ಬೇಕಾದ 40 ಅಂಕಗಳನ್ನು ಗಳಿಸಲು ಸುಮಾರು ಹತ್ತು ವರ್ಷದ ದುಡಿಮೆ ಬೇಕು. ದೇಶದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲದಿದ್ದರೆ ಒಂಬತ್ತನೆಯ ವರ್ಷ ಹೊರಟವರು ಕಟ್ಟಿದ್ದನ್ನು ಬಿಟ್ಟೇ ಹೊರಡುತ್ತಾರೆ. ಹುಟ್ಟಿದ ದೇಶದ ಕಾನೂನನ್ನೂ ಓದಿಕೊಳ್ಳಿ. ಭಾರತ, ಚೀನಾ, ಸಿಂಗಪುರಗಳು ವಯಸ್ಕರಿಗೆ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಜರ್ಮನಿ 2024ರ ಜೂನ್‌ನಿಂದ ಒಪ್ಪುತ್ತಿದೆ. ಹಳೆಯ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ರದ್ದಾಯಿತೆಂಬ ಮುದ್ರೆ ಒತ್ತಿ ಹಿಂದಿರುಗಿಸಿದಾಗ, ಅದಕ್ಕೆ ಅರ್ಜಿ ಕೊಟ್ಟವನು ನಾನೇ ಆಗಿದ್ದರೂ, ಯಾರೋ ನನ್ನಿಂದ ಕಿತ್ತುಕೊಂಡಂತೆ ಅನ್ನಿಸಿತು.

ನಿಮ್ಮ ಪತ್ರದಲ್ಲಿ ಪತ್ನಿಯ ವಿಷಯ ಒಂದೇ ಒಂದು ಪದದಲ್ಲಿ ಬಂದುಹೋಗಿದೆ. ನನ್ನ ಆತಂಕ ಇರುವುದು ಅಲ್ಲೇ. ಬೋಧನೆ, ವೈದ್ಯಕೀಯ, ಶುಶ್ರೂಷೆ, ವಕೀಲಿ ಮುಂತಾದ ವೃತ್ತಿಗಳಿಗೆ ಬಹುತೇಕ ದೇಶಗಳಲ್ಲಿ ಸ್ಥಳೀಯ ಪರವಾನಗಿ ಬೇಕು, ಕೆಲವು ವೀಸಾಗಳಲ್ಲಂತೂ ಸಂಗಾತಿಗೆ ದುಡಿಯುವ ಹಕ್ಕೇ ಇರುವುದಿಲ್ಲ. ನನ್ನ ಹೆಂಡತಿ ಒಂಬತ್ತು ವರ್ಷ ನರ್ಸ್ ಆಗಿ ಕೆಲಸ ಮಾಡಿ ಬಂದವಳು. ಪರವಾನಗಿ ಕೊಡುವ ಮಂಡಳಿ ಒಮ್ಮೆ ಕಾಲೇಜಿನ ಪಾಠಪಟ್ಟಿ ಕೇಳಿತು, ಇನ್ನೊಮ್ಮೆ ಅದೇ ಪಾಠಪಟ್ಟಿಯನ್ನು ಕಾಲೇಜೇ ನೇರವಾಗಿ ಲಕೋಟೆ ಮುಚ್ಚಿ ಕಳಿಸಬೇಕೆಂದಿತು, ಆಮೇಲೆ ಭಾಷಾ ಪರೀಕ್ಷೆಯ ಅವಧಿ ಮುಗಿದಿದೆ, ಮತ್ತೆ ಬರೆಯಿರಿ ಎಂದಿತು. ಮೂರೂವರೆ ವರ್ಷ. ಆ ಕಾಲದಲ್ಲಿ ಅವಳು ಪ್ರಮಾಣಪತ್ರಗಳ ನೀಲಿ ಫೈಲನ್ನು ಆಗಾಗ ತೆಗೆದು, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಿಂದ ಹೊರಗೆಳೆದು, ನೋಡಿ, ಮತ್ತೆ ಅದೇ ಕ್ರಮದಲ್ಲಿ ಒಳಗಿಡುತ್ತಿದ್ದಳು. ನಾನು ಸಂಜೆ ಬಂದು ಕಚೇರಿಯ ದಣಿವಿನ ಬಗ್ಗೆ ಮಾತನಾಡುತ್ತಿದ್ದೆ. ಆ ವರ್ಷಗಳ ಬೆಲೆಯನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ, ಬರೆಯಬೇಕಾಗಿದ್ದವನು ನಾನು.

ತಂದೆತಾಯಿಯ ವಿಷಯದಲ್ಲಿ ನೀವು ‘ದಿನವೂ ವಿಡಿಯೊ ಕರೆ ಮಾಡುತ್ತೇನೆ’ ಎಂದಿದ್ದೀರಿ. ಮಾಡಿ. ಆದರೆ ವಿಡಿಯೊ ಕರೆ ಮುಖವನ್ನಷ್ಟೇ ತೋರಿಸುತ್ತದೆ, ಅದೂ ಅವರು ತೋರಿಸಬೇಕೆಂದುಕೊಂಡ ಮುಖವನ್ನು. ನನ್ನ ತಾಯಿ ಪ್ರತಿ ಭಾನುವಾರ ನಗುನಗುತ್ತ ಮಾತನಾಡುತ್ತಿದ್ದರು. ಎಂಟು ತಿಂಗಳ ನಂತರ ಹೋದಾಗ ಬಾಗಿಲು ತೆರೆಯಲು ಅವರು ಗೋಡೆ ಹಿಡಿದುಕೊಂಡು ಬಂದರು. ಕಾಲು ಊದಿಕೊಂಡು ಅರ್ಧ ವರ್ಷವಾಗಿತ್ತು. ಹತ್ತಿರದಲ್ಲಿರುವ ಒಬ್ಬರು ವಾರಕ್ಕೊಮ್ಮೆ ಹೋಗಿ ಅವರ ನಡಿಗೆ ನೋಡಿ ನಿಮಗೆ ನಿಜ ಹೇಳುವಂತಿರಬೇಕು, ಅಂಥವರು ಯಾರೆಂದು ಹೊರಡುವ ಮೊದಲೇ ಗೊತ್ತಾಗಬೇಕು.

ಚಳಿ, ಒಂಟಿತನ, ಉಳಿತಾಯದ ಬಗ್ಗೆ ಕೇಳಿದ್ದೀರಿ. ಚಳಿಗೆ ಒಳ್ಳೆಯ ಕೋಟು ಸಾಕು. ಒಂಟಿತನ ಎರಡನೆಯ ವರ್ಷ ಹೆಚ್ಚು. ಉಳಿತಾಯವನ್ನು ಬಾಡಿಗೆ, ತೆರಿಗೆ, ಮಗುವಿನ ಪಾಲನೆಯ ಖರ್ಚು ಕಳೆದ ಮೇಲೆ ಲೆಕ್ಕ ಹಾಕಿ, ಸಂಬಳದ ಅಂಕಿಯನ್ನು ವಿನಿಮಯ ದರದಿಂದ ಗುಣಿಸಿ ಅಲ್ಲ.

ಊರಲ್ಲೇ ಉಳಿಯುವುದನ್ನು ಸೋಲೆಂದೂ ಮರಳುವುದನ್ನು ಅವಮಾನವೆಂದೂ ಭಾವಿಸುವವರ ಮಾತಿಗೆ ಕಿವಿಗೊಡಬೇಡಿ. ವಲಸೆಯ ನಿಯಮಗಳನ್ನು 1885ರಲ್ಲಿ ಬರೆದಿಟ್ಟ ಭೂಗೋಳಶಾಸ್ತ್ರಜ್ಞ ರಾವೆನ್‌ಸ್ಟೈನ್, ಪ್ರತಿಯೊಂದು ದೊಡ್ಡ ವಲಸೆಯ ಹರಿವಿಗೂ ಒಂದು ಮರುಹರಿವು ಇರುತ್ತದೆಂದು ಆಗಲೇ ಗುರುತಿಸಿದ್ದ. (ಅವನೂ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದವನೇ.) ನನ್ನ ಜೊತೆ ಬಂದ ನಾಲ್ವರಲ್ಲಿ ಇಬ್ಬರು ಮರಳಿದರು. ಅವರು ಹಿಂದಿರುಗಿ ಹೋದದ್ದು ವರ್ಷ ಎಣಿಸಿ ಅಲ್ಲ, ಇಂಥದು ನಡೆದರೆ ಹೊರಡುವುದೆಂದು ಗಂಡಹೆಂಡಿರು ಮೊದಲೇ ಮಾತನಾಡಿಕೊಂಡಿದ್ದರು.

ನನ್ನ ಸಲಹೆ ಅಷ್ಟೇ. ಈ ವಾರ ಒಂದು ಹಾಳೆಯಲ್ಲಿ, ಏನಾದರೆ ನಾವು ಮರಳುತ್ತೇವೆ ಎಂಬುದನ್ನು ಬರೆಯಿರಿ: ಎರಡು ವರ್ಷದಲ್ಲಿ ಪತ್ನಿಗೆ ಕೆಲಸದ ಪರವಾನಗಿ ಸಿಗದಿದ್ದರೆ, ತಂದೆತಾಯಿಯರಲ್ಲೊಬ್ಬರು ಒಂಟಿಯಾದರೆ, ಮಗಳು ಹತ್ತು ದಾಟುವ ಮೊದಲು ನಿವಾಸದ ಹಕ್ಕು ದೊರೆಯದಿದ್ದರೆ. ನಿಮ್ಮ ಪತ್ನಿ ಬೇರೊಂದು ಹಾಳೆಯಲ್ಲಿ, ನಿಮ್ಮದನ್ನು ನೋಡದೆ ಬರೆಯಲಿ. ಎರಡೂ ಹೊಂದಿದರೆ ಹೋಗಿ ಎನ್ನುತ್ತೇನೆ. ಹೊಂದದಿದ್ದರೆ ಆಹ್ವಾನಪತ್ರಕ್ಕೆ ಸಹಿ ಹಾಕಲು ಇನ್ನೊಂದು ವಾರ ಕೇಳಿ. ಅಷ್ಟು ಸಮಯ ಕೊಡದ ಕಂಪನಿ ನಾಳೆ ವೀಸಾದ ತೊಡಕು ಬಂದಾಗ ನಿಮ್ಮ ಜೊತೆ ನಿಲ್ಲುತ್ತದೆಂದು ನಾನು ನಂಬಲಾರೆ.