ಒಂದು ಮಿಲಿಮೀಟರ್ ಕಡಿಮೆ ಎಂದರೆ ಸಣ್ಣ ವಿಷಯವಲ್ಲ

ಹದಿನಾರನೆಯ ಶತಮಾನದ ಜರ್ಮನಿಯ ಒಬ್ಬ ಅರಸ ಓಟ್‌ಹೈನ್ರಿಷ್‌ನ ಮುಖವಿರುವ ಕಂಚಿನ ಪದಕ, ಹಳೆಯ ಪದಕಗಳ ವಿವರಪಟ್ಟಿಯಲ್ಲಿರುವ ಅಳತೆಗಿಂತ ಒಂದು ಮಿಲಿಮೀಟರ್ ಚಿಕ್ಕದಿದೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಮೂಲದ ಬೆಲೆಗಾದರೆ ಖಂಡಿತ ಬೇಡ. ಹಳೆಯ ಪದಕದಿಂದಲೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ವ್ಯಾಸ ಕಡಿಮೆಯಾಗುವುದು ಹೀಗೆ.

ಓಟ್‌ಹೈನ್ರಿಷ್‌ನ ಪದಕಗಳನ್ನು ಮಾಡಿದ ಜರ್ಮನಿಯ ನ್ಯೂರೆಂಬರ್ಗಿನ ಕಲಾವಿದ ಮಾಥೆಸ್ ಗೇಬೆಲ್ ತನ್ನ ಪದಕಗಳ ಮಾದರಿಯನ್ನು ನುಣುಪು ಸುಣ್ಣಕಲ್ಲಿನಲ್ಲಿ ಕೊರೆಯುತ್ತಿದ್ದ, ಇಟಲಿಯವರಂತೆ ಮೇಣದಲ್ಲಲ್ಲ. ಆದ್ದರಿಂದ ಒಳ್ಳೆಯ ಎರಕದಲ್ಲಿ ಗಡ್ಡದ ಎಳೆಗಳೂ ಅಕ್ಷರಗಳ ಮೂಲೆಗಳೂ ಚೂಪಾಗಿರಬೇಕು. ಭೂತಗನ್ನಡಿ ಹಿಡಿದು ನೋಡಿ: ಅಕ್ಷರಗಳ ಬುಡ ನೆನೆದ ಸಾಬೂನಿನಂತೆ ಮೆತ್ತಗಾಗಿದ್ದರೆ ಮರು ಎರಕವೆಂದೇ ಅನುಮಾನಿಸಿ. ಅಂಚಿನ ಸುತ್ತ ಬೆಸುಗೆಯ ಗೆರೆ ಕಂಡರೆ ವಿದ್ಯುತ್ ಲೇಪನದಿಂದ ಮಾಡಿದ ಪ್ರತಿಯಿರಬಹುದು. ಕಿಲುಬಿನ ಬಣ್ಣವನ್ನಂತೂ ನಂಬಬೇಡಿ, ಅದನ್ನು ಆಮ್ಲದಿಂದ ಬರಿಸುತ್ತಾರೆ.

ಸೀಸದ ಎರಕ ಸಿಕ್ಕಿದರೆ ಮಾತ್ರ ಮೂಗು ಮುರಿಯಬೇಡಿ. ಆ ಕಾಲದ್ದೇ ಆಗಿದ್ದರೆ ಅದು ಕೆಲವೊಮ್ಮೆ ಕಂಚಿಗಿಂತಲೂ ಸ್ಪಷ್ಟವಾಗಿರುತ್ತದೆ.