ಆಯುಧ ಪೂಜೆ ಆದ ಮೇಲೆ ತಾತನ ಕತ್ತಿಗೆ ತುಕ್ಕು

ತಾತನ ಕತ್ತಿಯನ್ನು ಹಬ್ಬಕ್ಕೆ ಹುಣಸೆಹಣ್ಣಿನಲ್ಲಿ ತೊಳೆದು ಪೂಜೆ ಮಾಡಿದೆ, ಈಗ ತುಕ್ಕು ಬಂದಿದೆ, ಪಾಲಿಶ್‌ಗೆ ಮೈಸೂರಿಗೆ ತರಲಾ ಅಂತ ಮಂಡ್ಯದಿಂದ ಕೇಳಿದ್ದೀರಿ. ಪೂಜೆ ಆಗಿ ಎರಡೇ ವಾರಕ್ಕೆ ಅಲಗಿನ ಮೇಲೆ ಕೆಂಪು ಚುಕ್ಕೆ ಎದ್ದಿದೆ ಅಂದರೆ, ಕಾರಣ ಬಹುಶಃ ನೀವು ತೊಳೆಯಲು ಬಳಸಿದ ಹುಣಸೆಹಣ್ಣು. ಹಿತ್ತಾಳೆಗೆ ಒಗ್ಗುವ ಹುಳಿ ಉಕ್ಕನ್ನು ತಿನ್ನುತ್ತದೆ. ಮೇಲೆ ಒದ್ದೆ ಕುಂಕುಮ ಹಚ್ಚಿ ಹಾಗೇ ಚರ್ಮದ ಒರೆಗೆ ಹಾಕಿದ್ದೀರಿ. ಚರ್ಮ ತೇವ ಬಿಡುವುದಿಲ್ಲ.

ಮೊದಲು ಕತ್ತಿಯನ್ನು ಹೊರಗೆ ತೆಗೆಯಿರಿ. ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿಯಿರಿ. ಒರೆಯ ಹಳೇ ಹೊಲಿಗೆ ಬಿಟ್ಟಿದ್ದರೆ ಕತ್ತಿಯ ಹರಿತ ಅಂಚು ನೇರ ಬೆರಳಿಗೆ ಬರುತ್ತದೆ. ಆಮೇಲೆ ಒರೆಯೊಳಗೆ ಇಡಲೇಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಒಣಬಟ್ಟೆಯಲ್ಲಿ ಕುಂಕುಮ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಟ್ಟೆಯಿಂದಲೇ ಉಜ್ಜಿ. ಹೋಗದಿದ್ದರೆ 0000 ನಂಬರಿನ, ಅಂದರೆ ತೀರಾ ಸಣ್ಣ ಎಳೆಯ ಸ್ಟೀಲ್ ವುಲ್, ಅದೂ ಎಣ್ಣೆಯ ಜೊತೆ, ಚುಕ್ಕೆ ಇರುವ ಕಡೆ ಮಾತ್ರ. ಕೆಂಪು ಹೋದರೆ ಸಾಕು. ಹಳೇ ಕಪ್ಪು ಛಾಯೆ ಇರಲಿ, ಅದೇ ಕತ್ತಿಯ ವಯಸ್ಸು ಅಲ್ವಾ?

ಎಮರಿ ಪೇಪರ್ ಮುಟ್ಟಬೇಡಿ, ದಯವಿಟ್ಟು. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಇದೆ ಅಂದಿದ್ದೀರಿ. ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಪಾತ್ರೆಯಲ್ಲಿ, ಕರಗಿಸಿದ ಹಳೇ ಉಕ್ಕಿಗೂ ಹಾಗೇ ಗೆರೆ ಇರುತ್ತದೆ. ಇದು ಅದೇನಾ ಅಂತ ಕೈಯಲ್ಲಿ ಹಿಡಿದು ನೋಡದೆ ಹೇಳಲಾರೆ. ಆಗಿದ್ದರೆ ಜೋರಾಗಿ ಒಂದು ಸಲ ಉಜ್ಜಿದರೂ ಗೆರೆ ಮಾಸುತ್ತದೆ.

ಹಿಡಿಗೆ ಬಿಸಿನೀರು ಬೇಡ. ತಟ್ಟೆಯಂಥ ತುದಿಯ ಹಿಡಿಗಳಲ್ಲಿ ಅಲಗನ್ನು ಸಾಮಾನ್ಯವಾಗಿ ಅರಗು ತುಂಬಿ ಕೂರಿಸಿರುತ್ತಾರೆ. ಬಿಸಿಗೆ ಅದು ಸಡಿಲವಾಗುತ್ತದೆ.

ಪಾಲಿಶ್‌ಗೆ ಅಂತ ಮಂಡ್ಯದಿಂದ ಮೈಸೂರಿಗೆ ಬಸ್ಸಲ್ಲಿ ಸುಮ್ನೆ ತರಬೇಡಿ. 9 ಇಂಚಿಗಿಂತ ಉದ್ದದ ಇಂಥ ಅಲಗು 2016ರ ಆಯುಧ ನಿಯಮಗಳಡಿ ಬರುತ್ತದೆ. ಮೊದಲು ನಿಮ್ಮ ಠಾಣೆಯಲ್ಲಿ ಕೇಳಿ. ಮುಂದಿನ ವರ್ಷ ಕುಂಕುಮ ಹಿಡಿಗೆ ಮಾತ್ರ ಇಡಿ.